ಗಲ್ಲಾದಿಂದ ಸಂಘದವರೆಗೆ: ಹೋಟೆಲಿನ ಎಳೆಯರನ್ನು ಮುಂದಾಳುಗಳಾಗಿ ಬೆಳೆಸುವ ಪಾಠ



ಗ್ಯಾಸ್ ಉಳಿತಾಯ, ಹಿಟ್ಟಿನ ಹದ, ಲೈಸೆನ್ಸಿನ ನವೀಕರಣ ಮುಂತಾದವುಗಳ ಬಗ್ಗೆ ಪಾಠ ಬರೆಯುವುದು ಸುಲಭ. ಅವು ತೂಕಕ್ಕೆ, ಲೆಕ್ಕಕ್ಕೆ ಸಿಗುತ್ತವೆ. ಈ ಸಲ ಎತ್ತಿಕೊಂಡಿರುವುದು ಹಾಗೆ ತೂಕಕ್ಕೆ ಸಿಗುವ ವಿಷಯವಲ್ಲ. ಆದರೆ ಇದನ್ನು ಇನ್ನೊಂದು ಹತ್ತು ವರ್ಷ ಮುಂದೂಡಿದರೆ ನಮ್ಮ ಸಂಘಗಳ ಬೋರ್ಡು ಉಳಿಯುತ್ತದೆ, ಬೋರ್ಡಿನ ಕೆಳಗೆ ಕೂರುವವರು ಉಳಿಯುವುದಿಲ್ಲ.

ಯಾವ ಊರಿನದೇ ಆಗಲಿ, ಹೋಟೆಲ್ ಮಾಲೀಕರ ಸಂಘದ ವಾರ್ಷಿಕ ಸಭೆಗೆ ಹೋಗಿ ನೋಡಿ. ಮುಂದಿನ ಸಾಲಿನಲ್ಲಿ ಅರವತ್ತು ದಾಟಿದವರು, ಹಿಂದಿನ ಸಾಲಿನಲ್ಲಿ ಐವತ್ತು ದಾಟಿದವರು. ಇಪ್ಪತ್ತೈದರ ಹುಡುಗ ಹುಡುಗಿಯರು ಎಲ್ಲಿ ಎಂದು ಹುಡುಕಿದರೆ ಕುರ್ಚಿ ಜೋಡಿಸುವಲ್ಲಿ, ಊಟ ಬಡಿಸುವಲ್ಲಿ, ಮೊಬೈಲಿನಲ್ಲಿ ಫೋಟೊ ತೆಗೆಯುವಲ್ಲಿ ಸಿಗುತ್ತಾರೆ. ಸಭೆಯ ನಡಾವಳಿಯಲ್ಲಿ ಅವರ ಪ್ರಸ್ತಾಪ ಬರುವುದು ವಂದನಾರ್ಪಣೆಯಲ್ಲಿ ಮಾತ್ರ. ಅದೂ ಹೆಸರಿಲ್ಲದೆ, "ಸಹಕರಿಸಿದ ಯುವಕರು" ಎಂದು. ಆಮೇಲೆ "ಈಗಿನ ಮಕ್ಕಳಿಗೆ ಸಂಘದಲ್ಲಿ ಆಸಕ್ತಿಯೇ ಇಲ್ಲ" ಎಂಬ ದೂರು ಹೇಳುವವರೂ ನಾವೇ.

ಹಿಂದೆ ಈ ದೂರು ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದನ್ನು ಮೊದಲು ನೋಡೋಣ.

ಸಾಹಿಬಾಬಾದಿನ ಒಂದು ಕ್ಯಾಂಟೀನು

ದೆಹಲಿ ಸೀಮೆಯ ನಾವು ಈ ಪಾಠವನ್ನು ಘಾಜಿಯಾಬಾದಿನಿಂದಲೇ ಶುರು ಮಾಡಬಹುದು. ಘಾಜಿಯಾಬಾದ್ ಪ್ರತ್ಯೇಕ ಜಿಲ್ಲೆಯಾದದ್ದು 1976ರ ನವೆಂಬರ್ 14ರಂದು. ಅದಕ್ಕೆ ಮೊದಲು ಅದು ಮೀರತ್ ಜಿಲ್ಲೆಯ ಭಾಗ. ಜಿಲ್ಲೆಯಾಗುವುದಕ್ಕೆ ಎರಡು ವರ್ಷ ಮುಂಚೆ, 1974ರಲ್ಲಿ, ಎರಡು ಸರ್ಕಾರಿ ಕಾರ್ಖಾನೆಗಳು ಇಲ್ಲಿ ನೆಲೆಯೂರಿದವು. ಒಂದು, ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನ ಎರಡನೆಯ ಘಟಕ. ಇನ್ನೊಂದು, ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್. ಈ ಎರಡನೆಯದರ ಕ್ಯಾಂಟೀನನ್ನು ವಹಿಸಿಕೊಂಡ ತರುಣ ಕಾರ್ಕಳದವರು. ಆಗ ಅವರಿಗೆ ಸುಮಾರು ಇಪ್ಪತ್ತು ವರ್ಷ. ಹೆಸರು ಜಯರಾಮ ಬನಾನ್.

ಅವರ ಕತೆ ನಮ್ಮ ಉದ್ಯಮದಲ್ಲಿ ಬಹಳ ಮಂದಿಗೆ ಗೊತ್ತು. 1967ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಪರೀಕ್ಷೆಯಲ್ಲಿ ಫೇಲಾಗಿ ಅಪ್ಪನ ಪೆಟ್ಟಿಗೆ ಹೆದರಿ ಮನೆಬಿಟ್ಟರು. ಮುಂಬಯಿ ಪಕ್ಕದ ಪನ್ವೇಲಿನ ಒಂದು ಕಾರ್ಖಾನೆ ಕ್ಯಾಂಟೀನಿನಲ್ಲಿ ತಿಂಗಳಿಗೆ 18 ರೂಪಾಯಿಗೆ ಪಾತ್ರೆ ತೊಳೆದರು ಎಂದು ಅವರೇ ಪತ್ರಿಕೆಗಳಿಗೆ ಹೇಳಿದ್ದಾರೆ. ಅಲ್ಲೇ ಸಪ್ಲೈಯರ್ ಆಗಿ, ಮುಂದೆ ಮ್ಯಾನೇಜರ್ ಆಗಿ ಮೇಲೆ ಬಂದರು. ಅಣ್ಣ ದೆಹಲಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು; ಆ ಆಸರೆಯಲ್ಲಿ ಉತ್ತರಕ್ಕೆ ಬಂದರು. ಸಾಹಿಬಾಬಾದಿನ ಕ್ಯಾಂಟೀನಾದ ಹನ್ನೆರಡು ವರ್ಷದ ಮೇಲೆ, 1986ರ ಡಿಸೆಂಬರ್ 4ರಂದು, ಡಿಫೆನ್ಸ್ ಕಾಲೊನಿಯಲ್ಲಿ ನಲವತ್ತು ಕುರ್ಚಿಯ 'ಸಾಗರ್' ತೆರೆದರು. ಮೊದಲ ದಿನದ ವ್ಯಾಪಾರ 408 ರೂಪಾಯಿ. ಮುಂದೆ ಅದು 'ಸಾಗರ್ ರತ್ನ'ವಾಗಿ ಬೆಳೆದು, 2011ರಲ್ಲಿ ಒಂದು ಬಂಡವಾಳ ಸಂಸ್ಥೆ ಅದರ ಬಹುಪಾಲು ಷೇರುಗಳನ್ನು ಸುಮಾರು 180 ಕೋಟಿಗೆ ಕೊಂಡಿತು.

ಈ ಕತೆ ಹೇಳುವಾಗ ನಾವು 18 ರೂಪಾಯಿಯಿಂದ 180 ಕೋಟಿಗೆ ಒಂದೇ ನೆಗೆತಕ್ಕೆ ಹಾರಿಬಿಡುತ್ತೇವೆ. ನನ್ನ ಮಟ್ಟಿಗೆ ಪಾಠ ಇರುವುದು ಮಧ್ಯದ ಆ ಕ್ಯಾಂಟೀನಿನಲ್ಲಿ.

ಕಾರ್ಖಾನೆಯ ಕ್ಯಾಂಟೀನು ಬೀದಿಯ ಹೋಟೆಲಿನ ಹಾಗಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮಿನ ಪ್ರಕಾರ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕ್ಯಾಂಟೀನು ಬೇಕಿತ್ತು. ಅದಕ್ಕೊಂದು ಕಮಿಟಿ, ಕಮಿಟಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು. ಬೀದಿಯ ಗಿರಾಕಿಗೆ ಸಾಂಬಾರು ಸರಿಯೆನಿಸದಿದ್ದರೆ ಎದ್ದು ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಕಾರ್ಖಾನೆಯ ಗಿರಾಕಿ ಎಲ್ಲಿಗೂ ಹೋಗುವುದಿಲ್ಲ. ನಾಳೆ ಅದೇ ಹೊತ್ತಿಗೆ, ಅದೇ ಬೆಂಚಿನಲ್ಲಿ, ಅದೇ ದೂರಿನೊಂದಿಗೆ ಕೂತಿರುತ್ತಾನೆ. ಎಣ್ಣೆಯ ಬೆಲೆ ಏರಿತೆಂದು ಇಡ್ಲಿಯ ಬೆಲೆ ಏರಿಸುವಂತಿಲ್ಲ. ಕಮಿಟಿಯ ಮುಂದೆ ಲೆಕ್ಕ ಇಡಬೇಕು, ಯೂನಿಯನ್ನಿನವರನ್ನು ಒಪ್ಪಿಸಬೇಕು, ಆಡಳಿತದವರಿಗೆ ಕಾಗದ ಬರೆಯಬೇಕು. ಹತ್ತು ಜನ ಬೈಯುವಾಗ ದನಿ ಏರಿಸದೆ ಉತ್ತರ ಕೊಡಬೇಕು. ಇದೆಲ್ಲ ಸಂಘದ ಕಾರ್ಯದರ್ಶಿಯ ಕೆಲಸವಲ್ಲದೆ ಮತ್ತೇನು? ಇಂಥ ಜಾಗದಲ್ಲಿ ವರ್ಷಗಟ್ಟಲೆ ನಿಂತ ಯಾವ ಹುಡುಗನಿಗೂ ಬೇರೆ ನಾಯಕತ್ವ ಶಿಬಿರ ಬೇಕಾಗುವುದಿಲ್ಲ.

ಕಡಂದಲೆಯಿಂದ ಮದರಾಸಿಗೆ ಹೋದ ವುಡ್‌ಲ್ಯಾಂಡ್ಸ್ ಕೃಷ್ಣರಾಯರು, ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರು, ಇವರೆಲ್ಲ ಬೆಳೆದದ್ದು ಹೀಗೆಯೇ. ಎಳೆಯ ವಯಸ್ಸಿನಲ್ಲಿ ಇನ್ನೊಬ್ಬರ ಅಡುಗೆಮನೆಗೆ ಸೇರಿ, ಯಾರೋ ಒಬ್ಬರು ನಂಬಿ ಜವಾಬ್ದಾರಿ ಕೊಟ್ಟ ಮೇಲೆ ಎದ್ದು ನಿಂತವರು. ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಬಲವಿತ್ತು, ಕನ್ನಡದ ರಾತ್ರಿ ಶಾಲೆಗಳು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗ ಸಂಜೆ ಪುಸ್ತಕ ಹಿಡಿದು ಕೋಟೆ ಭಾಗದ ಶಾಲೆಗೆ ಹೋಗುತ್ತಿದ್ದ. ಹಾಗೆ ಓದಿದವರು ಮುಂದೆ ಸಂಘ ಕಟ್ಟಿದರು, ವಿದ್ಯಾಸಂಸ್ಥೆ ಕಟ್ಟಿದರು. ಬಿಲ್ಲವರ ಅಸೋಸಿಯೇಷನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿತು. ಸಂಜೆ ಎರಡು ಮೂರು ಗಂಟೆ ಹುಡುಗನನ್ನು ಕೆಲಸದಿಂದ ಬಿಟ್ಟ ಧಣಿಗಳ ಪಾಲೂ ಅದರಲ್ಲಿದೆ. ಅವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಸಿಗುವುದಿಲ್ಲ.

ಆ ದಾರಿ ಮುಚ್ಚಿತು, ಮುಚ್ಚಿದ್ದು ಸರಿಯೇ

ಈ ಹಳೆಯ ಕತೆಗಳನ್ನು ಹೇಳಿ "ಆಗಿನ ಕಾಲವೇ ಚೆನ್ನಾಗಿತ್ತು" ಎನ್ನುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಹದಿಮೂರರ ಹುಡುಗ ಪಾತ್ರೆ ತೊಳೆದು ಮೇಲೆ ಬಂದದ್ದು ನಮಗೆ ಗೊತ್ತು. ಮೇಲೆ ಬಾರದೆ ಅಲ್ಲೇ ಕಳೆದುಹೋದವರ ಲೆಕ್ಕ ಯಾರೂ ಇಟ್ಟಿಲ್ಲ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕಕ್ಕಿಂತ ಕೆಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಚಹಾದಂಗಡಿಗಳಲ್ಲಿ ದುಡಿಸುವುದು ನಿಷಿದ್ಧ. 2016ರ ತಿದ್ದುಪಡಿ ಅದನ್ನು ಎಲ್ಲ ಕೆಲಸಗಳಿಗೂ ವಿಸ್ತರಿಸಿತು. ಮನೆಯ ಮಕ್ಕಳು ಶಾಲೆ ಮುಗಿಸಿ ಬಂದು ಮನೆಯ ವ್ಯಾಪಾರದಲ್ಲಿ ಕೈಜೋಡಿಸುವುದಕ್ಕೆ ಮಾತ್ರ ಅವಕಾಶವಿದೆ. ಹದಿನೆಂಟು ತುಂಬಿದವರನ್ನೇ ಕೆಲಸಕ್ಕೆ ಸೇರಿಸಿಕೊಳ್ಳಿ, ಆಧಾರ್ ನೋಡಿಯೇ ಸೇರಿಸಿಕೊಳ್ಳಿ ಎಂದು ಸಂಘ ಹೇಳುವುದು ಇದಕ್ಕಾಗಿ.

ಆದರೆ ಪರಿಣಾಮ ಒಂದನ್ನು ಗಮನಿಸಬೇಕು. ಹಿಂದೆ ಹುಡುಗ ಹನ್ನೆರಡರಲ್ಲಿ ಬಂದು ಇಪ್ಪತ್ತರವರೆಗೆ ನಮ್ಮ ಕಣ್ಣೆದುರೇ ಬೆಳೆಯುತ್ತಿದ್ದ. ಕಲಿಸಬೇಕೆಂದು ಯಾರೂ ಕೂತು ಯೋಚಿಸುತ್ತಿರಲಿಲ್ಲ. ನೋಡಿ ನೋಡಿ ಕಲಿಯುತ್ತಿದ್ದ. ಈಗ ಇಪ್ಪತ್ತರಲ್ಲಿ ಬರುತ್ತಾನೆ, ಎರಡು ವರ್ಷ ನಿಂತರೆ ಹೆಚ್ಚು. ಬರುವವನು ಕುಂದಾಪುರದವನೇ ಆಗಬೇಕೆಂದಿಲ್ಲ. ಗಢವಾಲದವನೋ ಬಿಹಾರದವನೋ ನಮ್ಮ ದೋಸೆ ಕಾವಲಿಯ ಮುಂದೆ ನಿಂತಿರುತ್ತಾನೆ. ನಮ್ಮ ಸ್ವಂತ ಮಕ್ಕಳು ನೋಯ್ಡಾದ ಐಟಿ ಕಂಪನಿಯಲ್ಲಿ. ತಾನಾಗಿ ಆಗುತ್ತಿದ್ದ ಕೆಲಸವನ್ನು ಈಗ ಯೋಚಿಸಿ, ದಿನ ಗೊತ್ತುಮಾಡಿ ಮಾಡಬೇಕಾಗಿದೆ.

ರಾತ್ರಿ ಶಾಲೆಯ ಬದಲು ಏನು ಎಂದು ಕೇಳುವವರಿಗೆ ಒಂದು ಮಾಹಿತಿ. ಇಂದಿರಾಪುರದಿಂದ ಹೆದ್ದಾರಿ ದಾಟಿದರೆ ನೋಯ್ಡಾ ಸೆಕ್ಟರ್ 62. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಅಲ್ಲೇ. 1989ರಲ್ಲಿ ಆರಂಭವಾದ ಸಂಸ್ಥೆ. ಎಲ್ಲರೂ ಎನ್‌ಐಒಎಸ್ ಎನ್ನುತ್ತಾರೆ. ಹತ್ತನೆಯ, ಹನ್ನೆರಡನೆಯ ತರಗತಿಯ ಪರೀಕ್ಷೆ ವರ್ಷಕ್ಕೆ ಎರಡು ಸಲ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದೊಳಗೆ ಒಂಬತ್ತು ಅವಕಾಶ. ಐದೂ ವಿಷಯವನ್ನು ಒಟ್ಟಿಗೆ ಬರೆಯಬೇಕೆಂದಿಲ್ಲ, ಒಂದೊಂದಾಗಿ ಮುಗಿಸಬಹುದು. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟು ಬಂದ ಸಪ್ಲೈಯರ್ ಹುಡುಗನಿಗೆ ಇದಕ್ಕಿಂತ ಅನುಕೂಲ ಬೇರೆಲ್ಲಿದೆ? ಧಣಿ ಮಾಡಬೇಕಾದದ್ದು ಇಷ್ಟೇ: ಫೀಸು ಕಟ್ಟುವುದು, ಮಧ್ಯಾಹ್ನದ ಊಟದ ಗದ್ದಲ ಇಳಿದ ಮೂರೂವರೆಯಿಂದ ಐದೂವರೆಯವರೆಗೆ ಅವನನ್ನು ಅವನ ಪಾಡಿಗೆ ಬಿಡುವುದು, ಪರೀಕ್ಷೆಯ ದಿನ ರಜೆ ಕೊಡುವುದು. ರಜೆ ಕೊಡುವುದೇ ಹೆಚ್ಚು ಕಷ್ಟ ಎಂದು ನಮ್ಮ ಮಂದಿಯನ್ನು ಬಲ್ಲವರು ನಗಬಹುದು.

ಉಪದೇಶ ಬೇಡ, ಒಂದು ಬಾಬ್ತು ಕೊಡಿ

ಈಗ ಪಾಠದ ಮುಖ್ಯ ಭಾಗ. ಎಳೆಯರಿಗೆ ನಾವು ಹೇರಳವಾಗಿ ಕೊಡುವುದು ಉಪದೇಶ. ಕೊಡಲು ಹಿಂಜರಿಯುವುದು ನಿರ್ಧಾರ. ನಾನು ನೋಡಿದ ಮಟ್ಟಿಗೆ ಹುಡುಗರು ಕಲಿತದ್ದೆಲ್ಲ ಎರಡನೆಯದರಿಂದ.

ನಿರ್ಧಾರ ಕೊಡುವುದೆಂದರೆ ಹೋಟೆಲಿನ ಬೀಗದಕೈ ಕೊಡುವುದಲ್ಲ. ಒಂದು ಬಾಬ್ತು ಕೊಡಿ. ತರಕಾರಿ ಖರೀದಿಯೇ ಇರಲಿ. ಸಾಹಿಬಾಬಾದ್ ಮಂಡಿಗೆ ಬೆಳಗಿನ ಜಾವ ಹೋಗುವುದು, ದರ ಮಾತಾಡುವುದು, ತೂಕ ನೋಡುವುದು, ಸ್ಟೋರಿಗೆ ಇಳಿಸುವುದು, ಹಾಳಾದದ್ದು ಎಷ್ಟೆಂದು ಬರೆದಿಡುವುದು, ಇಷ್ಟನ್ನೂ ಮೂರು ತಿಂಗಳು ಅವನೇ ನೋಡಿಕೊಳ್ಳಲಿ. ವಾರಕ್ಕೆ ಇಷ್ಟು ರೂಪಾಯಿಯವರೆಗೆ ಹೆಚ್ಚುಕಮ್ಮಿಯಾದರೆ ಪ್ರಶ್ನೆಯಿಲ್ಲ, ಅದಕ್ಕಿಂತ ಮೇಲಾದರೆ ಕೂತು ಮಾತಾಡುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಆ ಮಿತಿಯೊಳಗಿನ ನಷ್ಟವನ್ನು ಕಲಿಕೆಯ ಫೀಸು ಎಂದು ಖರ್ಚಿನಲ್ಲಿ ಬರೆದುಬಿಡಿ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ಫೀಸಿನ ಮುಂದೆ ಇದು ಏನೇನೂ ಅಲ್ಲ.

2023ರ ಜುಲೈಯಲ್ಲಿ ದೆಹಲಿ ಸುತ್ತಮುತ್ತ ಟೊಮೆಟೊ ಕಿಲೋಗೆ 200 ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಅಂಥ ದಿನ ಬಂದಾಗ ಬಹುತೇಕ ಹೋಟೆಲುಗಳಲ್ಲಿ ಧಣಿಯೇ ಅಡುಗೆಮನೆಗೆ ಬಂದು, "ಇವತ್ತಿಂದ ಟೊಮೆಟೊ ಚಟ್ನಿ ಇಲ್ಲ, ಸಾರಿಗೆ ಹುಣಸೆಹುಳಿ ಹೆಚ್ಚಿಸಿ" ಎಂದು ಹೇಳಿ ಹೋಗುತ್ತಾರೆ. ಮಾತು ಸರಿಯೇ ಇರಬಹುದು. ಆದರೆ ಖರೀದಿಯ ಹುಡುಗನನ್ನು ಕರೆದು ಹೀಗೆ ಕೇಳಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ:

"ಏನಪ್ಪಾ, ಟೊಮೆಟೊ ಹೀಗಾಗಿದೆ. ಏನು ಮಾಡೋಣ?"

"ಅಣ್ಣಾ, ಬ್ಯಾಡಗಿ ಮೆಣಸಿನ ಕೆಂಪು ಚಟ್ನಿ ಕೊಡಬಹುದು. ಆದರೆ ಭಟ್ಟರು ಒಪ್ಪೋದಿಲ್ಲ."

"ಭಟ್ಟರನ್ನು ಒಪ್ಪಿಸೋದು ನಿನ್ನ ಕೆಲಸ. ಸಪ್ಲೈಯರ್‌ಗಳಿಗೂ ನೀನೇ ಹೇಳು. ಗಿರಾಕಿ ಕೇಳಿದರೆ ಏನು ಹೇಳಬೇಕು ಅಂತಲೂ ಹೇಳಿಕೊಡು."

ಈ ನಾಲ್ಕು ಮಾತಿನಲ್ಲಿ ಆ ಹುಡುಗನಿಗೆ ಸಿಗುವುದು ಸಾಹಿಬಾಬಾದಿನ ಕ್ಯಾಂಟೀನ್ ಕಮಿಟಿಯೇ. ತನಗಿಂತ ಹಿರಿಯರಾದ, ಸಿಟ್ಟಿನ ಅಡುಗೆ ಭಟ್ಟರನ್ನು ಮರ್ಯಾದೆ ಕೆಡದಂತೆ ಒಪ್ಪಿಸುವುದು. ಸಮಾನ ವಯಸ್ಸಿನವರಿಗೆ ಕೆಲಸ ಹೇಳುವುದು. ಹೊರಗಿನವರ ಮುಂದೆ ಸಂಸ್ಥೆಯ ಪರವಾಗಿ ಮಾತಾಡುವುದು. ಭಟ್ಟರು ಒಪ್ಪದಿದ್ದರೆ? ಒಪ್ಪದಿರಲಿ. ಹುಡುಗ ಮತ್ತೆ ನಿಮ್ಮ ಹತ್ತಿರ ಬರುತ್ತಾನೆ. ಆಗ ನೀವೇ ಎದ್ದುಹೋಗಿ ಭಟ್ಟರಿಗೆ ಆರ್ಡರ್ ಮಾಡಿದರೆ ಪಾಠ ಅಲ್ಲಿಗೇ ಮುಗಿಯಿತು. "ಇನ್ನೊಂದು ಸಲ ಬೇರೆ ರೀತಿ ಹೇಳಿ ನೋಡು" ಎಂದು ವಾಪಸು ಕಳಿಸಬೇಕು. ಒಂದು ದಿನದ ಚಟ್ನಿ ಕೆಟ್ಟರೆ ಕೆಡಲಿ.

ಬಾಬ್ತು ಯಾವುದಾದರೂ ಆಗಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪ್ರತಿ 25 ಆಹಾರ ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕು. ಆ ತರಬೇತಿಗೆ ಮ್ಯಾನೇಜರನ್ನೇ ಕಳಿಸುವ ಬದಲು ಚುರುಕಾದ ಹುಡುಗಿಯೊಬ್ಬಳನ್ನು ಕಳಿಸಿ ನೋಡಿ. ಇನ್‌ಸ್ಪೆಕ್ಟರ್ ಬಂದಾಗ ರಿಜಿಸ್ಟರ್ ಹಿಡಿದು ಉತ್ತರ ಕೊಡುವವಳು ಅವಳೇ ಆಗಲಿ. ಅಧಿಕಾರಿಯ ಎದುರು ತಡವರಿಸದೆ ಮಾತಾಡಲು ಕಲಿತವರು ಸಂಘಕ್ಕೆ ಎಷ್ಟು ಬೇಕಾದವರು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಸಂಘದಲ್ಲಿ ಅವರ ಜಾಗ

ಸಂಘಕ್ಕೆ ಎಳೆಯರು ಯಾಕೆ ಬೇಕು ಎಂಬುದಕ್ಕೆ ಎರಡು ಸಂದರ್ಭ ನೆನಪಿಸುತ್ತೇನೆ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಹವಾನಿಯಂತ್ರಣವಿಲ್ಲದ ಹೋಟೆಲಿಗೆ 12, ಇರುವ ಹೋಟೆಲಿಗೆ 18 ಶೇಕಡಾ ತೆರಿಗೆ. ದೇಶದ ಹೋಟೆಲ್ ಸಂಘಗಳೆಲ್ಲ ಮನವಿ ಕೊಟ್ಟವು. ಅದೇ ವರ್ಷ ನವೆಂಬರ್ 15ರಿಂದ ಇಳಿದು 5 ಶೇಕಡಾ ಆಯಿತು, ಹೂಡುವಳಿ ತೆರಿಗೆಯ ವಾಪಸಾತಿ ಇಲ್ಲದೆ. ಈ ವಾಪಸಾತಿ ಇಲ್ಲದಿರುವುದು ನಮಗೆ ಲಾಭವೋ ನಷ್ಟವೋ? ಸ್ವಂತ ಜಾಗದ ಸಣ್ಣ ಹೋಟೆಲಿಗೆ ಒಂದು ಉತ್ತರ, ಮಾಲ್‌ನಲ್ಲಿ ದೊಡ್ಡ ಬಾಡಿಗೆ ಕಟ್ಟುವವನಿಗೆ ಇನ್ನೊಂದು. ಅದನ್ನು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಬಲ್ಲ ಬಿಕಾಂ ಓದಿದ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಸಂಘದ ಮನವಿಯ ಕರಡು ಬರೆಯಲು ಅವರನ್ನು ಕರೆಯಬೇಕಷ್ಟೆ.

ಎರಡನೆಯದು ಇನ್ನೂ ಹತ್ತಿರದ್ದು. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಮೂರೇ ದಿನದಲ್ಲಿ ಆನಂದ ವಿಹಾರ, ಕೌಶಾಂಬಿ ಬಸ್ ನಿಲ್ದಾಣಗಳಲ್ಲಿ ಊರಿಗೆ ಹೊರಟ ಸಾವಿರಾರು ಕೂಲಿಕಾರರು ಜಮಾಯಿಸಿದರು. ಮರುವರ್ಷ, 2021ರ ಏಪ್ರಿಲ್‌ನಲ್ಲಿ, ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ ಎಂಬ ದಿನಗಳಲ್ಲಿ ಇಂದಿರಾಪುರದ ಗುರುದ್ವಾರದವರು 'ಆಕ್ಸಿಜನ್ ಲಂಗರ್' ನಡೆಸಿದರು. ರಸ್ತೆಯಲ್ಲೇ, ಕಾರಿನಲ್ಲಿ ಮಲಗಿದವರಿಗೇ ಸಿಲಿಂಡರ್ ಜೋಡಿಸಿದರು. ಘಾಜಿಯಾಬಾದಿನ ಆ ಬೀದಿಯ ಚಿತ್ರ ದೇಶವೆಲ್ಲ ನೋಡಿತು.

ಗುರುದ್ವಾರಗಳಿಗೆ ಇಂಥದ್ದು ಹೇಗೆ ಸಾಧ್ಯವಾಗುತ್ತದೆ? ಹಣದ ಮಾತು ಬಿಡಿ. ಅವರಲ್ಲಿ ಮಗು ನಡೆಯಲು ಕಲಿತಾಗಲೇ ಲಂಗರಿನ ಸಾಲಿನಲ್ಲಿ ರೊಟ್ಟಿಯ ಬುಟ್ಟಿ ಹಿಡಿಯುತ್ತದೆ. ಪಾತ್ರೆ ತೊಳೆಯುವಲ್ಲಿ ವ್ಯಾಪಾರಿಯೂ ಅವನ ಮಗನೂ ಪಕ್ಕಪಕ್ಕ ಕೂರುತ್ತಾರೆ. ಹಾಗಾಗಿ ಕಷ್ಟದ ದಿನ ಬಂದಾಗ ಯಾರನ್ನೂ ಹೊಸದಾಗಿ ಕರೆತಂದು ಕಲಿಸಬೇಕಾಗುವುದಿಲ್ಲ. ಬಡಿಸುವ ಕೆಲಸ ನಮಗೂ ಹೊಸದಲ್ಲ, ಹುಟ್ಟಿನಿಂದ ಬಂದದ್ದು. ವ್ಯತ್ಯಾಸವೆಂದರೆ ನಮ್ಮಲ್ಲಿ ಮಕ್ಕಳು ಬಡಿಸುತ್ತಾರೆ, ತೀರ್ಮಾನಿಸುವಾಗ ಮಾತ್ರ ಹೊರಗಿರುತ್ತಾರೆ.

ರಾಜ್ಯೋತ್ಸವದ ಊಟವನ್ನೇ ತೆಗೆದುಕೊಳ್ಳಿ. ರಾಜಧಾನಿಯ ಯಾವ ಕನ್ನಡ ಕಾರ್ಯಕ್ರಮವಾದರೂ ಊಟದ ಹೊಣೆ ನಮ್ಮವರ ಹೆಗಲಿಗೇ. ಒಂದು ವರ್ಷ ಅದನ್ನು ಇಪ್ಪತ್ತು ಮೂವತ್ತರ ನಡುವಿನ ಐದು ಜನರಿಗೆ ಪೂರ್ತಿಯಾಗಿ ಬಿಟ್ಟುಕೊಡಿ. ಎಷ್ಟು ಎಲೆ, ಯಾವ ಪಾಯಸ, ಎಷ್ಟು ಮುಂಗಡ, ಉಳಿದದ್ದನ್ನು ಎಲ್ಲಿಗೆ ಕಳಿಸುವುದು, ಎಲ್ಲವೂ ಅವರದೇ. ಬಿಸಿಬೇಳೆಬಾತಿನ ಬದಲು ಪುಳಿಯೋಗರೆ ಮಾಡಿಸಿದರೆ ಹಿರಿಯರು ಸುಮ್ಮನೆ ಉಣ್ಣಬೇಕು. ಮುಗಿದ ವಾರದೊಳಗೆ ಆ ಐವರೇ ಕಮಿಟಿಯ ಮುಂದೆ ಲೆಕ್ಕ ಮಂಡಿಸಬೇಕು. ಅವರಪ್ಪಂದಿರು ಆ ಸಭೆಯಲ್ಲಿ ಬಾಯಿ ಹಾಕಕೂಡದು. ಇದು ಬಹಳ ಮುಖ್ಯ. ಮಗ ತಡವರಿಸಿದಾಗ ಅಪ್ಪ ಎದ್ದುನಿಂತು "ಅದು ಹಾಗಲ್ಲ" ಎಂದರೆ ಆ ಮಗ ಮುಂದಿನ ಸಭೆಗೆ ಬರುವುದಿಲ್ಲ. ನಾನಾದರೂ ಬರುತ್ತಿರಲಿಲ್ಲ.

ಐವರಲ್ಲಿ ಕನಿಷ್ಠ ಇಬ್ಬರು ಕೆಲಸಗಾರರ ಪೈಕಿ ಇರಲಿ. ಈ ಮಾತಿಗೆ ಕೆಲವರ ಹುಬ್ಬು ಏರಬಹುದು. ಆದರೆ ಮೇಲೆ ಹೆಸರಿಸಿದ ಕೃಷ್ಣರಾಯರು, ನಾಯಕರು, ಬನಾನ್ ಇವರಲ್ಲಿ ಧಣಿಯ ಮಗನಾಗಿ ಹುಟ್ಟಿದವರು ಯಾರು? ನಾಳೆಯ ಮಾಲೀಕ ಇಂದು ಟೇಬಲ್ ಒರೆಸುತ್ತಿರುವವನೇ ಆಗುವುದು ನಮ್ಮ ಉದ್ಯಮದ ಹಳೆಯ ಪದ್ಧತಿ. ಅವನು ಕನ್ನಡದವನಲ್ಲದಿದ್ದರೂ ಚಿಂತೆಯಿಲ್ಲ. ನಮ್ಮ ಸಾಂಬಾರಿನ ಹದ ಕಲಿತವನು ನಾಲ್ಕು ಕನ್ನಡ ಮಾತು ಕಲಿಯಲಾರನೆ? ಇನ್ನು ನಮ್ಮ ಮನೆಯ ಮಕ್ಕಳ ಕನ್ನಡದ ವಿಷಯ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆ ವೈಶಾಲಿ, ವಸುಂಧರಾ ಕಡೆಯವರಿಗೆ ದಿನವೂ ಹೋಗಿಬರುವಷ್ಟು ಹತ್ತಿರವಲ್ಲ. ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಬರೆಯುವ ಕೆಲಸ ಅವರಿಗೇ ಕೊಟ್ಟುಬಿಡಿ. ಮೊದಲ ಎರಡು ಸಲ ಕಾಗುಣಿತ ತಪ್ಪುತ್ತದೆ. ತಿದ್ದಿ, ನಗಬೇಡಿ.

ಚರ್ಚೆಗೆ

ಈ ಪಾಠವನ್ನು ಮುಂದಿನ ಸಭೆಯಲ್ಲಿ ಓದುವವರು ಈ ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಉತ್ತರಗಳನ್ನು ಬರೆದಿಟ್ಟುಕೊಂಡರೆ ಆರು ತಿಂಗಳ ಮೇಲೆ ನೋಡಲು ಅನುಕೂಲ.

ನಮ್ಮ ಹೋಟೆಲಿನಲ್ಲಿ ಮೂವತ್ತರೊಳಗಿನವರು ಯಾರಿಗೂ ಕೇಳದೆ ತೀರ್ಮಾನಿಸಬಹುದಾದ ವಿಷಯ ಒಂದಾದರೂ ಇದೆಯೇ? ಇದ್ದರೆ ಯಾವುದು?

ಓದು ಅರ್ಧಕ್ಕೆ ನಿಲ್ಲಿಸಿ ಬಂದವರು ನಮ್ಮಲ್ಲಿ ಎಷ್ಟು ಜನ? ಅವರಲ್ಲಿ ಯಾರಿಗೆ ಮುಂದೆ ಓದುವ ಆಸೆಯಿದೆ ಎಂದು ಕೇಳಿದ್ದೇವೆಯೇ?

ಕಳೆದ ವರ್ಷ ಸಂಘದ ಕಾರ್ಯಕ್ರಮದಲ್ಲಿ ದುಡಿದ ಯುವಕ ಯುವತಿಯರ ಪೂರ್ತಿ ಹೆಸರು, ಫೋನ್ ನಂಬರು ಕಾರ್ಯದರ್ಶಿಯವರ ಬಳಿ ಇದೆಯೇ?

ಈಗಿನ ಖಜಾಂಚಿಯವರು ನಾಳೆ ಊರಿಗೆ ಹೋಗಿ ಮೂರು ತಿಂಗಳು ಬರದಿದ್ದರೆ ಚೆಕ್ ಪುಸ್ತಕ, ರಸೀದಿ ಪುಸ್ತಕ, ಬ್ಯಾಂಕಿನ ಪಾಸ್‌ವರ್ಡ್ ಎಲ್ಲಿವೆ ಎಂದು ಬಲ್ಲ, ನಲವತ್ತರೊಳಗಿನ ಇನ್ನೊಬ್ಬರು ಯಾರು?